ಕ್ಯಾಟಲಾನ್ ಮಕ್ಕಳ ಹೆಸರುಗಳು, ಅವುಗಳ ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ನೋಡುವ ಮನೆಯವರಾದರೆ ಶಾವಿ, ಪುಯೋಲ್, ಪಿಕೆ, ಗಾರ್ಡಿಯೋಲಾ ಎಲ್ಲರೂ ನಿಮಗೆ ಗೊತ್ತು. ಬೈಕ್ ರೇಸ್ ನೋಡುವವರಿಗೆ ಮಾರ್ಕ್ ಮಾರ್ಕೆಜ್ ಗೊತ್ತು. ಇವರೆಲ್ಲ ಕ್ಯಾಟಲೋನಿಯಾದವರು. ಇವರ ಹೆಸರು ಇಷ್ಟವಾಗಿ ಅರ್ಥ ಹುಡುಕಲು ಹೋದರೆ ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಹೆಸರಿನ ಮುಂದೆ ಒಂದು ಪದ ಇರುತ್ತದೆ, ಅಷ್ಟೆ. 'ಜೊರ್ಡಿ: ರೈತ'. 'ಮೊಂಟ್‌ಸೆರಾಟ್: ಬೆಟ್ಟ'. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಈ ಹೆಸರುಗಳ ಹಿಂದೆ ಬೆಟ್ಟಗಳಿವೆ, ಗುಡಿಗಳಿವೆ, ಹಬ್ಬಗಳಿವೆ. ಈ ಹೆಸರುಗಳನ್ನೇ ಇಡಬಾರದು ಅಂತ ಸರ್ಕಾರ ಹೇಳಿದ ಕಾಲವೂ ಇದೆ. ಆ ಉಳಿದ ಅರ್ಧ ಗೊತ್ತಾಗಲಿ ಅಂತ ಈ ಪುಟ ಬರೆದಿದ್ದೇನೆ.

ಕ್ಯಾಟಲಾನ್ ಹೆಸರು ಅಂದ್ರೆ ಸ್ಪ್ಯಾನಿಷ್ ಹೆಸರೇ ಅಲ್ವಾ?

ಅಲ್ಲ. ಕ್ಯಾಟಲಾನ್ ಬೇರೆಯೇ ಭಾಷೆ. ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಹೇಗೆ ಲ್ಯಾಟಿನ್‌ನಿಂದ ಬೆಳೆದವೋ ಇದೂ ಹಾಗೆಯೇ ಬೆಳೆದದ್ದು. ಸ್ಪ್ಯಾನಿಷ್‌ನ ಒಂದು ಆಡುನುಡಿ ಅಂತ ಕರೆದರೆ ಅಲ್ಲಿನವರಿಗೆ ನೋವಾಗುತ್ತದೆ. ಕನ್ನಡವನ್ನು ಇನ್ನೊಂದು ಭಾಷೆಯ ಒಂದು ಬಗೆ ಅಂದರೆ ನಮಗೆ ಹೇಗಾಗುತ್ತದೋ ಹಾಗೆ. ಸ್ಪೇನಿನ ಕ್ಯಾಟಲೋನಿಯಾ, ವೆಲೆನ್ಸಿಯಾ ಮತ್ತು ಮಯೋರ್ಕಾ ಇರುವ ಬೆಲಿಯರಿಕ್ ದ್ವೀಪಗಳಲ್ಲಿ ಈ ಭಾಷೆ ಆಡುತ್ತಾರೆ. ಫ್ರಾನ್ಸಿನ ಪೆರ್ಪಿನ್ಯಾ ಸುತ್ತಮುತ್ತ, ಇಟಲಿಯ ಸಾರ್ಡಿನಿಯಾ ದ್ವೀಪದ ಆಲ್ಗೆರೋ ಊರಿನಲ್ಲೂ ಇದೆ. ಪಿರನೀಸ್ ಪರ್ವತದ ನಡುವಿನ ಪುಟ್ಟ ದೇಶ ಅಂಡೋರಾಕ್ಕೆ ಇದೊಂದೇ ಆಡಳಿತ ಭಾಷೆ.

ಒಂದೇ ಮೂಲದ ಹೆಸರು ಎರಡು ಭಾಷೆಗಳಲ್ಲಿ ಎರಡು ರೂಪ ತಾಳಿದೆ. ಸ್ಪ್ಯಾನಿಷ್‌ನ ಹೋರ್ಹೆ ಇಲ್ಲಿ ಜೊರ್ಡಿ. ಪಾಬ್ಲೊ ಇಲ್ಲಿ ಪೌ. ಹುವಾನ್ ಇಲ್ಲಿ ಜುವಾನ್. ಪೆದ್ರೊ ಇಲ್ಲಿ ಪೆರ. ಗಿಯೆರ್ಮೊ ಇಲ್ಲಿ ಗಿಲ್ಯೆಮ್. ಹೋಸೆ ಇಲ್ಲಿ ಜುಸೆಪ್. ಪಟ್ಟಿಯಲ್ಲಿ ಹೋರ್ಹೆ, ಪಾಬ್ಲೊ ಅಂತ ಇದ್ದು ಮೇಲೆ 'ಕ್ಯಾಟಲಾನ್ ಹೆಸರುಗಳು' ಅಂತ ಬರೆದಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

ಜೊರ್ಡಿ ಅನ್ನುವ ಹೆಸರಿಗೆ ಅಷ್ಟೊಂದು ಮಹತ್ವ ಯಾಕೆ?

ಇದು ಇಂಗ್ಲಿಷಿನ ಜಾರ್ಜ್. ಗ್ರೀಕ್‌ನಲ್ಲಿ 'ಮಣ್ಣು' ಮತ್ತು 'ಕೆಲಸ' ಅನ್ನುವ ಎರಡು ಪದ ಸೇರಿ ಆದದ್ದು. ಮಣ್ಣಿನಲ್ಲಿ ದುಡಿಯುವವನು, ಅಂದರೆ ರೈತ.

ಮಹತ್ವ ಬಂದದ್ದು ಸಂತ ಜೊರ್ಡಿಯಿಂದ. ಆತ ಕ್ಯಾಟಲೋನಿಯಾದ ಕಾವಲು ಸಂತ. 1456ರಲ್ಲಿ ಅಲ್ಲಿನ ಪ್ರತಿನಿಧಿ ಸಭೆಯೇ ಏಪ್ರಿಲ್ 23ನ್ನು ಆತನ ಹಬ್ಬ ಅಂತ ಗೊತ್ತುಮಾಡಿತು. ಕಥೆ ಹೀಗಿದೆ. ಒಂದು ಊರನ್ನು ಡ್ರ್ಯಾಗನ್ ಕಾಡುತ್ತಿತ್ತು. ಅದರ ಹೊಟ್ಟೆಗೆ ಕೊಡಲು ದಿನವೂ ಚೀಟಿ ಎತ್ತುತ್ತಿದ್ದರು. ಒಂದು ದಿನ ರಾಜನ ಮಗಳ ಹೆಸರೇ ಬಂತು. ಆಗ ಜೊರ್ಡಿ ಬಂದು ಡ್ರ್ಯಾಗನ್ ಕೊಂದ. ಅದರ ರಕ್ತ ಬಿದ್ದ ಜಾಗದಲ್ಲಿ ಕೆಂಪು ಗುಲಾಬಿ ಗಿಡ ಎದ್ದಿತು. ಇದು ನಡೆದದ್ದು ಮೊಂಬ್ಲಾಂಕ್ ಊರಿನಲ್ಲಿ ಅಂತ ಕ್ಯಾಟಲೋನಿಯಾದವರು ಹೇಳುತ್ತಾರೆ.

ಅದಕ್ಕೇ ಏಪ್ರಿಲ್ 23ಕ್ಕೆ ಬಾರ್ಸಿಲೋನಾದ ಬೀದಿ ತುಂಬ ಗುಲಾಬಿ ಮತ್ತು ಪುಸ್ತಕದ ಮೇಜುಗಳು. ಪ್ರೀತಿಯವರಿಗೆ ಗುಲಾಬಿ ಕೊಡುತ್ತಾರೆ, ಪುಸ್ತಕ ಕೊಡುತ್ತಾರೆ. ಯುನೆಸ್ಕೊ 1995ರಲ್ಲಿ ವಿಶ್ವ ಪುಸ್ತಕ ದಿನವನ್ನು ಇದೇ ದಿನಕ್ಕೆ ಇಟ್ಟಿತು. ಮಗುವಿಗೆ ಜೊರ್ಡಿ ಅಂತ ಹೆಸರಿಟ್ಟರೆ ಈ ಹಬ್ಬ ಅವನದೇ ಆಗುತ್ತದೆ. ಹುಡುಗಿಗೆ ಜೊರ್ಡಿನ ಅನ್ನುವ ರೂಪ ಇದೆ.

ಈ ಹೆಸರುಗಳನ್ನು ನಿಷೇಧಿಸಿದ್ದರು ಅನ್ನುವುದು ನಿಜವೇ?

ನಿಜ. ಅದನ್ನು ತಿಳಿಯದೆ ಇವತ್ತಿನ ಕ್ಯಾಟಲಾನ್ ಹೆಸರು ಅರ್ಥವಾಗುವುದು ಕಷ್ಟ.

1938ರಲ್ಲಿ, ಸ್ಪೇನಿನ ಅಂತರ್ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಮುಂದೆ ದೇಶದ ಸರ್ವಾಧಿಕಾರಿಯಾದ ಸೇನಾಧಿಕಾರಿ ಫ್ರಾಂಕೊನ ಕಡೆಯವರು ಒಂದು ಆದೇಶ ಹೊರಡಿಸಿದರು. ಜನನ ನೋಂದಣಿಯಲ್ಲಿ ಸ್ಪ್ಯಾನಿಷ್ ರೂಪದ ಹೆಸರು ಮಾತ್ರ ಇರಬೇಕು. 1939ರಲ್ಲಿ ಅವರು ಗೆದ್ದ ಮೇಲೆ ದೇಶಕ್ಕೆಲ್ಲ ಅದೇ ನಿಯಮವಾಯಿತು. ಮನೆಯಲ್ಲಿ ಅಮ್ಮ ಜೊರ್ಡಿ ಅಂತ ಕೂಗುತ್ತಾಳೆ, ಶಾಲೆಯ ಹಾಜರಿಯಲ್ಲಿ ಹೋರ್ಹೆ. ಅಜ್ಜಿಗೆ ಮೊಮ್ಮಗ ಜುಸೆಪ್, ಗುರುತಿನ ಚೀಟಿಯಲ್ಲಿ ಹೋಸೆ. ಒಂದಿಡೀ ತಲೆಮಾರು ಎರಡೆರಡು ಹೆಸರಲ್ಲಿ ಬದುಕಿತು.

ಕೆಲವು ಹೆಸರು ಮಾತ್ರ ಪಾರಾದವು. ಮೊಂಟ್‌ಸೆರಾಟ್ ಹೆಸರಿನ ಕಾಗುಣಿತ ಎರಡೂ ಭಾಷೆಯಲ್ಲಿ ಒಂದೇ. ಮೇಲಾಗಿ ಅದು ಮಾತೆ ಮೇರಿಯ ಹೆಸರು. ಹಾಗಾಗಿ ಯಾರೂ ಅದನ್ನು ತಿದ್ದಲಿಲ್ಲ.

ಈ ಕಾಲದ ಒಂದು ಘಟನೆ ಇವತ್ತಿಗೂ ಜನ ನೆನೆಯುತ್ತಾರೆ. ಡಚ್ ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್ 1973ರಲ್ಲಿ ಬಾರ್ಸಿಲೋನಾ ಕ್ಲಬ್ಬಿಗೆ ಬಂದ. 1974ರ ಫೆಬ್ರವರಿಯಲ್ಲಿ ಅವನಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಗ ಹುಟ್ಟಿದ. ಜೊರ್ಡಿ ಅಂತ ಹೆಸರಿಟ್ಟು ಅಲ್ಲಿಯೇ ನೋಂದಾಯಿಸಿದ. ಬಾರ್ಸಿಲೋನಾಕ್ಕೆ ಮರಳಿದಾಗ ಅಲ್ಲಿನ ನೋಂದಣಿಯವರು ಹೋರ್ಹೆ ಅಂತಲೇ ಬರೆಯಬೇಕು ಅಂದರು. ಕ್ರೈಫ್ ಒಪ್ಪಲಿಲ್ಲ. ಡಚ್ ದಾಖಲೆ ಕೈಯಲ್ಲಿತ್ತು. ಕೊನೆಗೆ ಜೊರ್ಡಿ ಅಂತಲೇ ಉಳಿಯಿತು. ಆ ಭಾಷೆಯವನೇ ಅಲ್ಲದ ಒಬ್ಬ ತಂದೆ ಹೀಗೆ ಪಟ್ಟು ಹಿಡಿದದ್ದು ನನಗೆ ಬಹಳ ಇಷ್ಟ.

ಫ್ರಾಂಕೊ 1975ರಲ್ಲಿ ಸತ್ತ. 1977ರ ಜನವರಿಯ ಕಾನೂನು ಸ್ಪೇನಿನ ಯಾವ ಭಾಷೆಯಲ್ಲಾದರೂ ಮಗುವಿಗೆ ಹೆಸರಿಡಬಹುದು ಅಂತ ಹೇಳಿತು. ದೊಡ್ಡವರೂ ತಮ್ಮ ಹೆಸರನ್ನು ಕ್ಯಾಟಲಾನ್ ರೂಪಕ್ಕೆ ಬದಲಿಸಿಕೊಳ್ಳುವ ದಾರಿ ಆಯಿತು. ಇಂದು ಐವತ್ತು ದಾಟಿದ ಎಷ್ಟೋ ಜೊರ್ಡಿಗಳ ಹಳೆ ಕಾಗದಗಳಲ್ಲಿ ಬೇರೆ ಹೆಸರಿದೆ.

ಹುಡುಗಿಯರ ಹೆಸರುಗಳಲ್ಲಿ ಊರು, ಬೆಟ್ಟಗಳ ಹೆಸರು ಯಾಕೆ ಇಷ್ಟು ಜಾಸ್ತಿ?

ನನಗೆ ತುಂಬ ಹತ್ತಿರ ಅನಿಸುವ ಪ್ರಶ್ನೆ ಇದು. ನಮ್ಮಲ್ಲಿ ಊರಮ್ಮನ ಹೆಸರನ್ನು ಮಗಳಿಗೆ ಇಡುತ್ತೇವೆ. ಬನಶಂಕರಿ, ಮೂಕಾಂಬಿಕೆ, ಎಲ್ಲಮ್ಮ. ಕ್ಯಾಟಲೋನಿಯಾದಲ್ಲೂ ಒಂದೊಂದು ಬೆಟ್ಟಕ್ಕೆ, ಕಣಿವೆಗೆ ಒಬ್ಬೊಬ್ಬ ಮೇರಿ ಮಾತೆ. ಮಗಳಿಗೆ ಆ ಜಾಗದ ಹೆಸರೇ ಬರುತ್ತದೆ.

ಮೊಂಟ್‌ಸೆರಾಟ್ ಮೊದಲನೆಯದು. 'ಮೊಂಟ್' ಅಂದರೆ ಬೆಟ್ಟ, 'ಸೆರಾಟ್' ಅಂದರೆ ಗರಗಸದಲ್ಲಿ ಕೊಯ್ದದ್ದು. ಬಾರ್ಸಿಲೋನಾದಿಂದ ಸ್ವಲ್ಪ ದೂರದ ಈ ಬೆಟ್ಟದ ತುದಿ ನಿಜಕ್ಕೂ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಎತ್ತರ 1,236 ಮೀಟರ್. ಮೇಲೆ ಬೆನೆಡಿಕ್ಟೈನ್ ಮಠ ಇದೆ. ಅಲ್ಲಿನ ಮರದ ಮೇರಿ ವಿಗ್ರಹ ಕಪ್ಪು ಬಣ್ಣದ್ದು. ಜನ ಅವಳನ್ನು 'ಮೊರೆನೇತ' ಅಂತ ಕರೆಯುತ್ತಾರೆ. 'ನಮ್ಮ ಪುಟ್ಟ ಕರಿಯಮ್ಮ' ಅಂದ ಹಾಗೆ, ಅಷ್ಟೇ ಸಲಿಗೆ, ಅಷ್ಟೇ ಪ್ರೀತಿ. 1881ರಲ್ಲಿ ಪೋಪ್ ಅವಳನ್ನು ಕ್ಯಾಟಲೋನಿಯಾದ ಕಾವಲು ಮಾತೆ ಅಂತ ಘೋಷಿಸಿದರು. ಹಬ್ಬ ಏಪ್ರಿಲ್ 27. ಕೆರಿಬಿಯನ್ ಸಮುದ್ರದ ಮೊಂಟ್‌ಸೆರಾಟ್ ದ್ವೀಪಕ್ಕೂ 1493ರಲ್ಲಿ ಕೊಲಂಬಸ್ ಇದೇ ಬೆಟ್ಟದ ಹೆಸರಿಟ್ಟ. ಒಪೆರಾ ಹಾಡುಗಾರ್ತಿ ಮೊಂಟ್‌ಸೆರಾಟ್ ಕಬಾಯೆ ಅವರಿಂದ ಈ ಹೆಸರು ಲೋಕಕ್ಕೆಲ್ಲ ಪರಿಚಯವಾಯಿತು. ಮನೆಯಲ್ಲಿ ಕರೆಯುವುದು ಮೊಂತ್ಸೆ. ಈಗ ಈ ಹೆಸರಿನವರು ಹೆಚ್ಚಾಗಿ ಅಜ್ಜಿಯಂದಿರು. ಹೊಸ ಮಕ್ಕಳಿಗೆ ಇಡುವುದು ಕಡಿಮೆಯಾಗಿದೆ.

ನೂರಿಯ ಪಿರನೀಸ್ ಪರ್ವತದ ಒಂದು ಕಣಿವೆ. ಸುಮಾರು 1,960 ಮೀಟರ್ ಎತ್ತರದಲ್ಲಿದೆ. ವಾಹನದ ರಸ್ತೆ ಇಲ್ಲ. 1931ರಲ್ಲಿ ಶುರುವಾದ ಹಲ್ಲುಗಾಲಿಯ ರೈಲಿನಲ್ಲಿ ಹೋಗಬೇಕು, ಇಲ್ಲವೇ ನಡೆದು ಹತ್ತಬೇಕು. ಸಂತ ಜಿಲ್ ಅಲ್ಲಿ ಕುರುಬರ ನಡುವೆ ಇದ್ದನಂತೆ. ಗಂಟೆ ಬಾರಿಸಿ ಅವರನ್ನು ಕರೆದು, ಪಾತ್ರೆಯಲ್ಲಿ ಬೇಯಿಸಿದ್ದನ್ನು ಬಡಿಸುತ್ತಿದ್ದನಂತೆ. ಆ ಗಂಟೆ, ಆ ಪಾತ್ರೆ ಅಂತ ಇಂದಿಗೂ ಗುಡಿಯಲ್ಲಿ ತೋರಿಸುತ್ತಾರೆ. ಮಕ್ಕಳಾಗಬೇಕು ಅನ್ನುವ ಹೆಂಗಸು ಪಾತ್ರೆಯೊಳಗೆ ತಲೆಯಿಟ್ಟು, ಗಂಟೆ ಬಾರಿಸಿ ಬೇಡಿಕೊಳ್ಳುತ್ತಾಳೆ. ಹರಕೆಯಿಂದ ಹುಟ್ಟಿದ ಮಗಳಿಗೆ ನೂರಿಯ ಅಂತ ಹೆಸರಿಡುವುದುಂಟು. ಪದದ ಮೂಲ ಪಿರನೀಸ್‌ನ ಪಶ್ಚಿಮದ ಕಡೆಯ ಬಾಸ್ಕ್ ಭಾಷೆ ಅನ್ನುವವರಿದ್ದಾರೆ, ಅರಬಿ ಅನ್ನುವವರೂ ಇದ್ದಾರೆ. ಪಂಡಿತರಲ್ಲಿ ಒಮ್ಮತ ಇಲ್ಲ. 'ಬೆಳಕು' ಅಂತ ಒಂದೇ ಪದದಲ್ಲಿ ಅರ್ಥ ಕೊಡುವ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ.

ಮೆರಿಚೆಲ್ ಅಂಡೋರಾದ ಮಾತೆ. ಮಧ್ಯಾಹ್ನ ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಹಿಮ ಬಿದ್ದ ಜನವರಿಯಲ್ಲಿ ಕಾಡುಗುಲಾಬಿ ಅರಳಿತ್ತು, ಅದರ ಬುಡದಲ್ಲಿ ವಿಗ್ರಹ ಸಿಕ್ಕಿತು ಅನ್ನುವುದು ಅಲ್ಲಿನ ಕಥೆ. 1972ರ ಸೆಪ್ಟೆಂಬರ್ 8ರ ಹಬ್ಬದ ರಾತ್ರಿ ಹಳೆಯ ಗುಡಿ ಬೆಂಕಿಗೆ ಆಹುತಿಯಾಯಿತು. ವಿಗ್ರಹವೂ ಸುಟ್ಟುಹೋಯಿತು. 1976ರಲ್ಲಿ ಹೊಸ ಕಟ್ಟಡ ಎದ್ದಿತು. ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು.

ನೂರಿಯ, ಮೆರಿಚೆಲ್ ಇಬ್ಬರ ಹಬ್ಬವೂ ಸೆಪ್ಟೆಂಬರ್ 8. ಮಂಗಳೂರು ಕಡೆಯವರಿಗೆ ಈ ತಾರೀಕು ಹೇಳಬೇಕಾಗಿಲ್ಲ. ಅವತ್ತೇ ಮೊಂತಿ ಫೆಸ್ತ್, ತೆನೆ ಹಬ್ಬ. ಆ 'ಮೊಂತಿ' ಬಂದದ್ದು ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ. ಮೊಂತೆ ಅಂದರೆ ಪೋರ್ಚುಗೀಸ್‌ನಲ್ಲಿ ಬೆಟ್ಟ. ಮೊಂಟ್‌ಸೆರಾಟ್‌ನ 'ಮೊಂಟ್' ಕೂಡ ಅದೇ ಲ್ಯಾಟಿನ್ ಬೇರಿನದು.

ಇನ್ನೂ ಚಿಕ್ಕ ಗುಡಿಗಳ ಹೆಸರುಗಳಿವೆ. ಕೆರಾಲ್ಟ್ ಬೆರ್ಗ ಊರಿನ ಮೇಲಿನದು, 'ಎತ್ತರದ ಬಂಡೆ'. ವಿಞೆತ್ ಸಿಚ್ಚಸ್ ಊರಿನದು, 'ಪುಟ್ಟ ದ್ರಾಕ್ಷಿ ತೋಟ'. ಸಿಂತ ತೊರ್ತೋಸಾ ಊರಿನದು, 'ನಡುಪಟ್ಟಿ'. ಮೇರಿ ಮಾತೆ ತನ್ನ ನಡುಪಟ್ಟಿ ಕೊಟ್ಟಳು ಅನ್ನುವ ನಂಬಿಕೆ ಅಲ್ಲಿದೆ. ಸ್ಪೇನಿನ ರಾಣಿಯರ ಹೆರಿಗೆಗೆ ಅದನ್ನು ಅರಮನೆಗೆ ಒಯ್ಯುತ್ತಿದ್ದರು. ಈ ಹೆಸರು ಕೇಳಿದರೆ ಸಾಕು, ಹುಡುಗಿ ಯಾವ ಕಡೆಯವಳು ಅಂತ ಅಲ್ಲಿನವರು ಊಹಿಸಿಬಿಡುತ್ತಾರೆ.

ಲಾಯ ಅನ್ನುವ ಹೆಸರು ಎಲ್ಲಿಂದ ಬಂತು?

ಎವುಲಾಲಿಯ ಅನ್ನುವ ಉದ್ದ ಹೆಸರಿನ ಬಾಲ ಇದು. ಗ್ರೀಕ್‌ನಲ್ಲಿ 'ಚೆನ್ನಾಗಿ ಮಾತಾಡುವವಳು'. ಸಂತ ಎವುಲಾಲಿಯ ಬಾರ್ಸಿಲೋನಾದ ಹುಡುಗಿ. ರೋಮನ್ನರ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟಾಗ ಅವಳಿಗೆ 13 ವರ್ಷ ಅಂತ ಹೇಳುತ್ತಾರೆ. ಅದಕ್ಕೇ ಬಾರ್ಸಿಲೋನಾ ಕೆಥೆಡ್ರಲ್ಲಿನ ಅಂಗಳದಲ್ಲಿ ಇಂದಿಗೂ 13 ಬಿಳಿ ಹೆಬ್ಬಾತು ಸಾಕುತ್ತಾರೆ. ಅವಳ ಹಬ್ಬ ಫೆಬ್ರವರಿ 12.

ಮೊದಲು ಊರಿನ ಕಾವಲು ಇವಳದೇ ಆಗಿತ್ತು. 1687ರಲ್ಲಿ ಮಿಡತೆಗಳ ಕಾಟ ಬಂದಾಗ ಊರವರು ಮೇರಿಯ ಇನ್ನೊಂದು ರೂಪವಾದ ಮೆರ್ಸೆ ಮಾತೆಗೆ ಹರಕೆ ಹೊತ್ತು ಅವಳನ್ನು ಕಾವಲಾಗಿ ಆರಿಸಿಕೊಂಡರು. ಸೆಪ್ಟೆಂಬರ್ 24ರ ಮೆರ್ಸೆ ಹಬ್ಬಕ್ಕೆ ಮಳೆ ಬಂದರೆ ಅದು ಲಾಯಳ ಕಣ್ಣೀರು ಅಂತ ಜನ ಹೇಳುತ್ತಾರೆ. ಇವಳನ್ನು ಮರೆತರಲ್ಲ ಅನ್ನುವ ದುಃಖವಂತೆ. ಆದರೆ ಹೆಸರಿನ ವಿಷಯದಲ್ಲಿ ಲಾಯಳನ್ನು ಯಾರೂ ಮರೆತಿಲ್ಲ. ಎವುಲಾಲಿಯ ಅಂತ ಪೂರ್ತಿ ಇಡುವವರು ಅಪರೂಪ, ಲಾಯ ಅಂತ ಇಡುವವರು ಬಹಳ ಮಂದಿ.

ಪೌ ಅಂದರೆ 'ಚಿಕ್ಕವನು' ಅಂತ ಒಂದು ಕಡೆ, 'ಶಾಂತಿ' ಅಂತ ಇನ್ನೊಂದು ಕಡೆ. ಯಾವುದು ಸರಿ?

ಎರಡೂ. ಹೆಸರಾಗಿ ಪೌ ಬಂದದ್ದು ಪಾಲ್ ಅನ್ನುವುದರಿಂದ, ಲ್ಯಾಟಿನ್‌ನ 'ಪೌಲುಸ್', ಚಿಕ್ಕವನು. ಆದರೆ ಕ್ಯಾಟಲಾನ್‌ನಲ್ಲಿ ಶಾಂತಿಗೂ 'ಪೌ' ಅಂತಲೇ ಹೇಳುತ್ತಾರೆ. ಬೇರು ಬೇರೆ, ಸದ್ದು ಒಂದೇ. ಮಗನಿಗೆ ಈ ಹೆಸರಿಡುವ ತಾಯ್ತಂದೆಗೆ ಎರಡನೇ ಅರ್ಥ ಕಿವಿಗೆ ಬೀಳದೇ ಇರುವುದಿಲ್ಲ.

ಚೆಲ್ಲೊ ವಾದಕ ಪೌ ಕಸಾಲ್ಸ್ ಈ ಎರಡು ಅರ್ಥವನ್ನೂ ಬದುಕಿದವರು. ಹುಟ್ಟಿದ್ದು 1876ರಲ್ಲಿ. ಫ್ರಾಂಕೊ ಆಳುತ್ತಿರುವ ತನಕ ಅಲ್ಲಿ ಬದುಕಲಾರೆ ಅಂತ ದೇಶ ಬಿಟ್ಟರು. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ತಮ್ಮ ನಾಡಿನ ಹಕ್ಕಿಗಳ ಹಾಡೊಂದನ್ನು ನುಡಿಸಿದರು. ನಮ್ಮ ಹಕ್ಕಿಗಳು ಆಕಾಶಕ್ಕೆ ಹಾರಿ 'ಶಾಂತಿ, ಶಾಂತಿ' ಅಂತ ಹಾಡುತ್ತವೆ ಅಂತ ಹೇಳಿದರು. ಆಗ ಅವರಿಗೆ 94 ವರ್ಷ. 1973ರಲ್ಲಿ ತೀರಿಕೊಂಡರು. ಫ್ರಾಂಕೊನ ಕೊನೆ ನೋಡಲು ಅವರಿಗೆ ಆಗಲಿಲ್ಲ. ಹೊರಗಿನ ಲೋಕ ಅವರನ್ನು ಬಹಳ ಕಾಲ ಪಾಬ್ಲೊ ಅಂತಲೇ ಕರೆಯಿತು. ಪೌ ಅಂತ ಕರೆಯುವುದೇ ಸರಿ.

ಬ್ಯಾಸ್ಕೆಟ್‌ಬಾಲ್‌ನ ಪೌ ಗಸೋಲ್ ಹೆಸರೂ ಇದೇ. ಪೊಲ್ ಅನ್ನುವುದೂ ಇದರದೇ ಇನ್ನೊಂದು ರೂಪ.

ಹುಡುಗರ ಹೆಸರು ಯಾಕೆ ಇಷ್ಟು ಚಿಕ್ಕವು? ಬಿಯೆಲ್, ಕಿಮ್, ಸೆಸ್ಕ್... ಇವು ಪೂರ್ತಿ ಹೆಸರೇ?

ಇದು ತುಂಬ ಸೊಗಸಾದ ವಿಷಯ. ನಾವು ಹೆಸರು ಮೊಟಕು ಮಾಡುವಾಗ ತಲೆ ಉಳಿಸಿಕೊಂಡು ಬಾಲ ಬಿಡುತ್ತೇವೆ. ಮಂಜುನಾಥ ಮಂಜು ಆಗುತ್ತಾನೆ, ವೆಂಕಟೇಶ ವೆಂಕಿ ಆಗುತ್ತಾನೆ. ಕ್ಯಾಟಲಾನ್‌ನಲ್ಲಿ ಅನೇಕ ಸಲ ತಲೆ ಬಿಟ್ಟು ಬಾಲ ಉಳಿಸಿಕೊಳ್ಳುತ್ತಾರೆ. ಗಬ್ರಿಯೆಲ್ ಬಿಯೆಲ್ ಆಗುತ್ತಾನೆ. ಜುವಾಕಿಮ್ ಕಿಮ್ ಆಗುತ್ತಾನೆ. ಫ್ರಾನ್ಸೆಸ್ಕ್ ಸೆಸ್ಕ್ ಆಗುತ್ತಾನೆ, ಫುಟ್‌ಬಾಲ್ ಆಟಗಾರ ಫ್ಯಾಬ್ರೆಗಾಸ್ ಹೆಸರು ಇದೇ. ಬರ್ತುಮೇವು ತುಮೇವು ಆಗುತ್ತಾನೆ. ಮೆರಿಚೆಲ್ ಬರೀ ಚೆಲ್.

ಕಾರಣ ಉಚ್ಚಾರಣೆಯಲ್ಲಿದೆ. ಈ ಹೆಸರುಗಳಲ್ಲಿ ಒತ್ತು ಕೊನೆಗೆ ಬೀಳುತ್ತದೆ. ಅಂಗಳದಿಂದ ಜೋರಾಗಿ ಕೂಗಿದರೆ ದೂರಕ್ಕೆ ಕೇಳುವುದು ಆ ಕೊನೆಯ ಭಾಗವೇ.

ಜುಸೆಪ್ ಮಾತ್ರ ಪೆಪ್ ಆಗುತ್ತಾನೆ, ಮಕ್ಕಳ ತೊದಲಿನ ಹಾಗೆ ಒಂದೇ ಸದ್ದು ಎರಡು ಸಲ. ಪೆಪ್ ಗಾರ್ಡಿಯೋಲಾ ಅವರ ಕಾಗದದ ಹೆಸರು ಜುಸೆಪ್. ಹಿಂದೆ ಇವೆಲ್ಲ ಮನೆ ಹೆಸರುಗಳು. ಈಗ ಬಿಯೆಲ್, ಜಾನ್ (ಜುವಾನ್‌ನ ಚಿಕ್ಕ ರೂಪ), ಲಾಯ ಅಂತಲೇ ಜನನ ಪತ್ರದಲ್ಲಿ ಬರೆಸುತ್ತಾರೆ.

ಯುದ್ಧ, ಆಯುಧದ ಅರ್ಥ ಬರುವ ಹೆಸರುಗಳೂ ಇವೆಯಂತೆ?

ಇವೆ, ಮತ್ತು ಅವು ಬಹಳ ಹಳೆಯವು. 5ನೇ ಶತಮಾನದಲ್ಲಿ ವಿಸಿಗೋತರು ಬಂದು ಆಳಿದರು. ಆಮೇಲೆ ಅರಬರು ಬಂದರು. 801ರಲ್ಲಿ ಫ್ರಾಂಕರು ಬಾರ್ಸಿಲೋನಾ ಗೆದ್ದರು. ವಿಸಿಗೋತರು, ಫ್ರಾಂಕರು ಇಬ್ಬರೂ ಜರ್ಮಾನಿಕ್ ಮೂಲದವರು. ಎರಡು ಪದ ಜೋಡಿಸಿ ಹೆಸರು ಕಟ್ಟುವುದು ಅವರ ರೂಢಿ. ಅರ್ನೌ ಅಂದರೆ ಹದ್ದು ಮತ್ತು ಆಳ್ವಿಕೆ. ಗಿಲ್ಯೆಮ್ ಅಂದರೆ ಸಂಕಲ್ಪ ಮತ್ತು ಶಿರಸ್ತ್ರಾಣ. ರುಜೆ ಅಂದರೆ ಕೀರ್ತಿ ಮತ್ತು ಈಟಿ. ಬರ್ನಾತ್ ಅಂದರೆ ಕರಡಿ ಮತ್ತು ಗಟ್ಟಿ. ಫುಟ್‌ಬಾಲಿನ ಪಿಕೆಯ ಮೊದಲ ಹೆಸರು ಜೆರಾರ್ಡ್ ಅಂದರೆ ಈಟಿ ಮತ್ತು ಗಟ್ಟಿ. ರಮೋನ್ ಅಂದರೆ ಬುದ್ಧಿಮಾತು ಮತ್ತು ರಕ್ಷಣೆ. ಬಾರ್ಸಿಲೋನಾದ ಹಲವು ದೊರೆಗಳ ಹೆಸರು ರಮೋನ್ ಬೆರೆಂಗೆ. ಬೆರೆಂಗೆ ಅಂದರೆ ಕರಡಿ ಮತ್ತು ಈಟಿ.

ರಮೋನ್ ಹೆಸರಿನ ಒಬ್ಬ ಸಂತ ಹೆರಿಗೆಗೆ ಸಂಬಂಧಪಟ್ಟವನು. ರಮೋನ್ ನೊನಾತ್, ಅಂದರೆ 'ಹುಟ್ಟದ ರಮೋನ್'. ತಾಯಿ ತೀರಿಕೊಂಡ ಮೇಲೆ ಹೊಟ್ಟೆ ಸೀಳಿ ಮಗುವನ್ನು ತೆಗೆದರು ಅನ್ನುವ ಕಥೆಯಿಂದ ಈ ಹೆಸರು. ಬಸುರಿಯರು, ಸೂಲಗಿತ್ತಿಯರು ಅವನನ್ನು ನೆನೆಯುತ್ತಾರೆ. ಹಬ್ಬ ಆಗಸ್ಟ್ 31.

ಮಧ್ಯಯುಗ ದಾಟಿದ ಮೇಲೆ ಜುವಾನ್, ಜುಸೆಪ್, ಮರಿಯ ಮುಂತಾದ ಹೆಸರುಗಳು ಹೆಚ್ಚಾದವು. ನಿಷೇಧ ಹೋದ ಮೇಲೆ ಅರ್ನೌ, ಗಿಲ್ಯೆಮ್, ರುಜೆ ಮತ್ತೆ ಬಂದವು. ನನ್ನ ಮಟ್ಟಿಗೆ ಅರ್ನೌ ಇವುಗಳಲ್ಲಿ ಚೆಂದದ ಹೆಸರು.

ಹೆಸರು ಆರಿಸುವುದು ಹೇಗೆ? ಏನಾದರೂ ಶಾಸ್ತ್ರ ಇದೆಯೇ?

ಹಳೆಯ ರೂಢಿ ನಮ್ಮದರ ಹಾಗೆಯೇ, ಅಜ್ಜ ಅಜ್ಜಿಯ ಹೆಸರು. ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವವರು ಪಾದ್ರಿ, ಪಾದ್ರಿನ. ಗಮನಿಸಿ, ಇಲ್ಲಿ 'ಪಾದ್ರಿ' ಅಂದರೆ ಚರ್ಚಿನ ಗುರು ಅಲ್ಲ. ಮಯೋರ್ಕಾದಲ್ಲಿ, ಕ್ಯಾಟಲೋನಿಯಾದ ಲ್ಯೇಯ್ಡ ಊರಿನ ಕಡೆ ಅಜ್ಜ ಅಜ್ಜಿಯನ್ನೇ ಹಾಗೆ ಕರೆಯುತ್ತಾರೆ. ಅಜ್ಜನೇ ಎತ್ತಿಕೊಂಡು, ಅಜ್ಜನ ಹೆಸರೇ ಇಡುತ್ತಿದ್ದ ಕಾಲದ ಗುರುತು ಅದು. ಹುಟ್ಟುಹಬ್ಬದ ಜೊತೆಗೆ ತಮ್ಮ ಹೆಸರಿನ ಸಂತನ ದಿನವನ್ನೂ ಆಚರಿಸುತ್ತಾರೆ. ಮಾರ್ಚ್ 19ಕ್ಕೆ ಎಲ್ಲ ಜುಸೆಪ್‌ಗಳಿಗೂ ಸಿಹಿ. ಮೊಟ್ಟೆ, ಹಾಲು ಹಾಕಿ ಮಾಡಿ, ಮೇಲೆ ಸಕ್ಕರೆ ಸುಡುವ ಕ್ರೆಮ ಆ ದಿನದ ತಿಂಡಿ.

ಹೆಸರು ಆರಿಸಿದ ಕಥೆಗಳಲ್ಲಿ ದೊಡ್ಡದು ರಾಜ ಒಂದನೇ ಜೌಮನದು. 1208ರಲ್ಲಿ ಹುಟ್ಟಿದ, ಮುಂದೆ ಮಯೋರ್ಕಾ, ವೆಲೆನ್ಸಿಯಾ ಗೆದ್ದ. ಅವನು ಹುಟ್ಟಿದಾಗ ತಾಯಿ ಒಂದೇ ಅಳತೆಯ, ಒಂದೇ ತೂಕದ 12 ಮೇಣದ ಬತ್ತಿ ಮಾಡಿಸಿದಳು. ಒಂದೊಂದಕ್ಕೆ ಯೇಸುವಿನ ಒಬ್ಬೊಬ್ಬ ಶಿಷ್ಯನ ಹೆಸರಿಟ್ಟಳು. ಎಲ್ಲವನ್ನೂ ಒಟ್ಟಿಗೆ ಹಚ್ಚಿಸಿದಳು. ಕೊನೆಯವರೆಗೆ ಉರಿದ ಬತ್ತಿಯ ಹೆಸರು ಮಗನಿಗೆ. ಜೌಮ ಸಂತನ ಬತ್ತಿ ಉಳಿದವಕ್ಕಿಂತ ಮೂರು ಬೆರಳಿನಷ್ಟು ಜಾಸ್ತಿ ಉಳಿಯಿತಂತೆ. ಈ ಕಥೆಯನ್ನು ರಾಜನೇ ತನ್ನ ಚರಿತ್ರೆಯಲ್ಲಿ ಹೇಳಿಸಿದ್ದಾನೆ. ಹೆಸರು ಬೇರಿನಲ್ಲಿ ಹೀಬ್ರೂನ ಯಾಕೋಬನದೇ.

ಪ್ರಕೃತಿಗೆ ಸಂಬಂಧಪಟ್ಟ ಹೆಸರು ಬೇಕು. ಯಾವುದಿದೆ?

ಓನ ಅಂದರೆ ಅಲೆ. ಮಾರ್ ಅಂದರೆ ಕಡಲು. ಬಾರ್ಸಿಲೋನಾದಲ್ಲಿ 1329ರಿಂದ 1383ರವರೆಗೆ ಕಟ್ಟಿದ 'ಕಡಲ ಮೇರಿ' ಚರ್ಚ್ ಇರುವುದರಿಂದ ಮಾರ್ ದೇವರ ಹೆಸರೂ ಹೌದು. ಆಲ್ಬ ಅಂದರೆ ನಸುಕು. ಲ್ಯುಮ್ ಅಂದರೆ ಬೆಳಕು. ಲ್ಯೂನ ಅಂದರೆ ಚಂದಿರ. ಎಸ್ತೆಲ್ ಅಂದರೆ ನಕ್ಷತ್ರ. ನೆವುಸ್ ಅಂದರೆ ಹಿಮ, ಇದು ಆಗಸ್ಟ್ 5ರ ಹಿಮದ ಮಾತೆಯ ಹೆಸರು. ರುಸೆ ಅಂದರೆ ಗುಲಾಬಿ ಗಿಡ, ಜಪಮಾಲೆಯ ಮಾತೆಗೂ ಅದೇ ಹೆಸರು. ಅಬ್ರಿಲ್ ಅಂದರೆ ಏಪ್ರಿಲ್. ಓನ ಈಗ ತುಂಬ ಬಳಕೆಯಲ್ಲಿದೆ.

ಹುಡುಗರಲ್ಲಿ ಉರಿಯೋಲ್ ಇದೆ. ಚಿನ್ನದ ಬಣ್ಣದವನು ಅಂತ ಅರ್ಥ. ಹಳದಿ ಮೈಯ, ಕಪ್ಪು ರೆಕ್ಕೆಯ ಹಕ್ಕಿಗೂ ಇದೇ ಹೆಸರು. ಅದರ ಹತ್ತಿರದ ನೆಂಟ ನಮ್ಮ ಹೊನ್ನಕ್ಕಿ. ಉರಿಯೋಲ್ ಮೊದಲು ಮನೆತನದ ಹೆಸರಾಗಿತ್ತು. ಬಾರ್ಸಿಲೋನಾದ ಚರ್ಚಿನ ಗುರು ಜುಸೆಪ್ ಉರಿಯೋಲ್ ಅವರನ್ನು 1909ರಲ್ಲಿ ಸಂತ ಅಂತ ಘೋಷಿಸಿದ ಮೇಲೆ ಮಕ್ಕಳ ಹೆಸರಾಯಿತು.

ಶಾವಿ ಅನ್ನುವುದೂ ನಮ್ಮ ಕ್ಸೇವಿಯರ್ ಅನ್ನುವುದೂ ಒಂದೇನಾ?

ಒಂದೇ. ಶಾವಿಯ ಪೂರ್ತಿ ಹೆಸರು ಶಬಿಯೆ. ಮೂಲದಲ್ಲಿ ಇದು ಕ್ಯಾಟಲಾನ್ ಅಲ್ಲ, ಬಾಸ್ಕ್. 'ಎಚೆ ಬೆರಿ', ಅಂದರೆ ಹೊಸ ಮನೆ. ಈಗಿನ ಸ್ಪೇನಿನ ಉತ್ತರದ ನವಾರ್ ಸೀಮೆಯ ಒಂದು ಕೋಟೆಯ ಹೆಸರು ಅದು. 1506ರಲ್ಲಿ ಆ ಕೋಟೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದ. ಅವನ ದೇಹ ಇವತ್ತಿಗೂ ಹಳೆ ಗೋವಾದಲ್ಲಿದೆ. ಅವನಿಂದಲೇ ನಮ್ಮ ಕರಾವಳಿಯ ಮನೆಗಳಿಗೂ ಈ ಹೆಸರು ಬಂತು. ಅರ್ಥ ನೋಡಿದರೆ ಉತ್ತರ ಕರ್ನಾಟಕದ ಹೊಸಮನಿ ಅನ್ನುವ ಅಡ್ಡಹೆಸರೂ ಇದೇ, ಅಲ್ವಾ?

ಬರೆದ ಹಾಗೆ ಓದಿದರೆ ಸಾಕಾ?

ಸಾಲದು. ಜೆ ಅಕ್ಷರ ನಮ್ಮ 'ಜ' ಅಲ್ಲ. ಇಂಗ್ಲಿಷಿನ 'ಮೆಷರ್' ಪದದ ನಡುವೆ ಬರುವ ಸದ್ದು. ವೆಲೆನ್ಸಿಯಾದಲ್ಲಿ ಮಾತ್ರ ಹೆಚ್ಚುಕಡಿಮೆ ನಮ್ಮ 'ಜ' ತರಹವೇ ಹೇಳುತ್ತಾರೆ. ಎಕ್ಸ್ ಅಕ್ಷರ ಮೊದಲಲ್ಲಿ ಬಂದರೆ 'ಶ'. ಟಿ ಮತ್ತು ಎಕ್ಸ್ ಒಟ್ಟಿಗೆ ಬಂದರೆ 'ಚ'. ಎನ್ ಮತ್ತು ವೈ ಸೇರಿದರೆ ನಮ್ಮ 'ಞ'. ನಾವು ಅಷ್ಟಾಗಿ ಬಳಸದ ಈ ಅಕ್ಷರ ವಿಞೆತ್ ಬರೆಯಲು ಸರಿಯಾಗಿ ಒದಗುತ್ತದೆ. ಎರಡು ಎಲ್ ಸೇರಿದರೆ 'ಲ್ಯ', ಉದಾಹರಣೆಗೆ ಲ್ಯುಕ್. ಬಾರ್ಸಿಲೋನಾ ಕಡೆ ಒತ್ತಿಲ್ಲದ 'ಒ' ಅನ್ನು 'ಉ' ಅಂತ ಹೇಳುತ್ತಾರೆ. ಕೊನೆಯ ಆರ್ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಅದಕ್ಕೇ ಇಂಗ್ಲಿಷಿನ ರೋಜರ್ ಅಲ್ಲಿ ರುಜೆ. ಮಾರ್‌ನಲ್ಲಿ ಮಾತ್ರ ಆರ್ ಕೇಳಿಸುತ್ತದೆ.

ಜೋನ್ ಹುಡುಗಿ ಹೆಸರು ಅಲ್ವಾ?

ಇಂಗ್ಲಿಷಿನಲ್ಲಿ ಹೌದು. ಕ್ಯಾಟಲಾನ್‌ನಲ್ಲಿ ಅದೇ ಕಾಗುಣಿತ ಗಂಡಸಿನದು, ಉಚ್ಚಾರ ಜುವಾನ್. ಚಿತ್ರಕಾರ ಜುವಾನ್ ಮಿರೋ ಗಂಡಸು. ಹುಡುಗಿಗೆ ಜುವಾನ. ಹಾಗೆಯೇ ಜಾನ್ ಹುಡುಗ, ಜಾನ ಹುಡುಗಿ.

ಮಯೋರ್ಕಾ, ವೆಲೆನ್ಸಿಯಾದಲ್ಲಿ ಹೆಸರು ಬೇರೆಯೇ?

ಸ್ವಲ್ಪ ಬೇರೆ. ಅನ್ನ ಅನ್ನುವುದಕ್ಕೆ ಮಯೋರ್ಕಾದ ರೂಪ ಐನ. ಮಾರ್ಗರಿದ ಅಲ್ಲಿ ಮಾರ್ಗಲಿದ. ವೆಲೆನ್ಸಿಯಾದಲ್ಲಿ ವಿಸೆಂತ್ ಮತ್ತು ಎಂಪಾರ್ ಊರಿನ ಗುರುತಿನ ಹೆಸರುಗಳು. ಎಂಪಾರ್ ಅಂದರೆ ಆಸರೆ. ಅಲ್ಲಿ ಜುವಾಕಿಮ್ ಚಿಮೊ ಆಗುತ್ತಾನೆ, ಮನೆಲ್ ನೇಲೊ ಆಗುತ್ತಾನೆ.

ಈಗ ಹೆಚ್ಚಾಗಿ ಇಡುವ ಹೆಸರು ಯಾವುದು?

ಕ್ಯಾಟಲೋನಿಯಾದ ಅಂಕಿಅಂಶ ಸಂಸ್ಥೆ ಇದೆಸ್ಕಾತ್ ಹೊಸ ಮಕ್ಕಳ ಹೆಸರಿನ ಪಟ್ಟಿ ಕೊಡುತ್ತದೆ. ಹುಡುಗರಲ್ಲಿ ಮಾರ್ಕ್ ಬಹಳ ವರ್ಷ ಮುಂದಿತ್ತು. ಜಾನ್, ಪೊಲ್, ಬಿಯೆಲ್, ನಿಲ್ ಕೂಡ ಮುಂದಿವೆ. ಹುಡುಗಿಯರಲ್ಲಿ ಜೂಲಿಯ, ಮಾರ್ತಿನ, ಲಾಯ, ಓನ. ಜೊರ್ಡಿ ಅನ್ನುವ ಹೆಸರು ಮಕ್ಕಳಿಗಿಂತ ಅಪ್ಪಂದಿರಲ್ಲೇ ಜಾಸ್ತಿ.

ಅಲ್ಲಿ ಮಗು ಹುಟ್ಟಿದರೆ ಹೆಸರಿಡಲು ಕಾನೂನಿನ ಕಟ್ಟು ಇದೆಯೇ?

ಇಡೀ ಸ್ಪೇನಿಗೆ ಒಂದೇ ನಿಯಮ. ಎರಡಕ್ಕಿಂತ ಹೆಚ್ಚು ಹೆಸರು ಇಡುವಂತಿಲ್ಲ. ಬದುಕಿರುವ ಅಣ್ಣ ಅಥವಾ ಅಕ್ಕನ ಹೆಸರನ್ನೇ ಮತ್ತೆ ಇಡುವಂತಿಲ್ಲ. ಮಗುವಿನ ಮರ್ಯಾದೆಗೆ ಕುಂದು ತರುವ ಹೆಸರು ಆಗದು. ಅಡ್ಡಹೆಸರು ಎರಡು, ಅಪ್ಪನದೊಂದು ಅಮ್ಮನದೊಂದು. ನಡುವೆ 'ಇ' ಸೇರಿಸುವುದು ಕ್ಯಾಟಲಾನ್ ಕ್ರಮ. ಅಂತೋನಿ ಗೌದಿ ಇ ಕೊರ್ನೆತ್ ಅನ್ನುವಾಗ ಗೌದಿ ಅಪ್ಪನ ಕಡೆಯದು, ಕೊರ್ನೆತ್ ಅಮ್ಮನ ಕಡೆಯದು. ಹಿಂದೆ ಅಪ್ಪನದು ತಾನಾಗಿಯೇ ಮೊದಲು ಬರುತ್ತಿತ್ತು. 2017ರ ಜೂನ್ 30ರಿಂದ ಯಾವುದು ಮೊದಲು ಅಂತ ಇಬ್ಬರೂ ಕೂತು ತೀರ್ಮಾನಿಸಬೇಕು. ಮದುವೆಯಾದ ಮೇಲೆ ಹೆಣ್ಣು ಅಡ್ಡಹೆಸರು ಬದಲಿಸುವುದಿಲ್ಲ.

ಕನ್ನಡದ ಮನೆಯಲ್ಲಿ ಈ ಹೆಸರು ಇಟ್ಟರೆ ಹೇಗೆ?

ಇಡಬಹುದು. ಆದರೆ ಮೊದಲು ಬಾಯಿಬಿಟ್ಟು ಹತ್ತು ಸಲ ಕರೆದು ನೋಡಿ. ಅಜ್ಜಿಯ ಬಾಯಲ್ಲೂ ಹೇಳಿಸಿ. ಲಾಯ ಅಂದರೆ ನಮಗೆ ಕುದುರೆ ಕಟ್ಟುವ ಜಾಗ. ಜಾನ ಅನ್ನುವುದು ಜನ ಆಗುತ್ತದೆ. ಅನ್ನ ಅಂತೂ ತಟ್ಟೆಯಲ್ಲಿರುವ ಅನ್ನವೇ. ನಿಲ್ ಅಂದರೆ ಮಗು ನಿಂತುಬಿಡಬಹುದು, ನಾವು ನಿಲ್ಲಲು ಹೇಳುವುದೇ ಹಾಗೆ. ಉರಿಯೋಲ್ ಅರ್ಥ ಎಷ್ಟೇ ಚೆಂದವಿದ್ದರೂ ನಮ್ಮ ಕಿವಿಗೆ ಮೊದಲು ಕೇಳುವುದು 'ಉರಿ'.

ನೂರಿಯ, ಆಲ್ಬ, ಮಾರ್ತಿನ, ಓನ, ಅರ್ನೌ, ಬಿಯೆಲ್ ಇವು ನಮ್ಮ ನಾಲಿಗೆಗೆ ಸುಲಭ. ನನ್ನನ್ನು ಕೇಳಿದರೆ ಹುಡುಗಿಗೆ ನೂರಿಯ ಅನ್ನುತ್ತೇನೆ. ಕರೆಯಲು ಹಗುರ, ಹಿಂದೆ ಒಂದು ಕಣಿವೆ, ಒಂದು ಗಂಟೆ, ಒಬ್ಬ ತಾಯಿಯ ಹರಕೆ ಇದೆ. ಕ್ಯಾಟಲಾನ್ ಕಾಗುಣಿತದಲ್ಲಿ ಯು ಅಕ್ಷರದ ಮೇಲೆ ಒಂದು ಗೀಟು ಇರುತ್ತದೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಆ ಗೀಟು ಬರುವುದಿಲ್ಲ, ಎ ಇಂದ ಜೆಡ್ ವರೆಗಿನ ಅಕ್ಷರ ಮಾತ್ರ. ಅದಕ್ಕೆ ಹೆದರಬೇಡಿ. ಮನೆಯಲ್ಲಿ ಬರೆಯುವಾಗ, ತೊಟ್ಟಿಲ ಶಾಸ್ತ್ರದ ಕರೆಯೋಲೆಯಲ್ಲಿ ಕನ್ನಡದಲ್ಲೇ 'ನೂ' ಅಂತ ದೀರ್ಘ ಹಾಕಿ ಬರೆಯಿರಿ. ಆ ಗೀಟು ಹೇಳುವ ಒತ್ತು ಅಲ್ಲಿಗೇ ಬೀಳುತ್ತದೆ.